ಸೆಕೆಂಡ್ ಹ್ಯಾಂಡ್ ಟ್ರೇಲರ್ ಗಾಡಿ ಕೊಳ್ಳುವ ಮುನ್ನ: ಮೈಲೇಜು, ಬಾಳಿಕೆ ನೋಡುವ ಬಗೆ

ಹಳೆಯ ಟ್ರೇಲರ್ ಗಾಡಿ ನೋಡಲು ಹೋದವರು ಎಲ್ಲಕ್ಕಿಂತ ಮೊದಲು ಇಣುಕುವುದು ಮೀಟರಿನ ಕಡೆಗೆ. ನಾಲ್ಕೂವರೆ ಲಕ್ಷ ಕಿಲೋಮೀಟರ್ ಕಂಡರೆ ಮುಖ ಸಣ್ಣದಾಗುತ್ತದೆ, ಎರಡು ಲಕ್ಷ ಕಂಡರೆ ಕಣ್ಣು ಅರಳುತ್ತದೆ. ಆದರೆ ತೋರಣಗಲ್ಲಿನಿಂದ ಸ್ಟೀಲ್ ಕಾಯಿಲ್ ಹೊತ್ತು ಹೆದ್ದಾರಿಯಲ್ಲೇ ನಾಲ್ಕೂವರೆ ಲಕ್ಷ ಓಡಿದ ಗಾಡಿ, ಸಂಡೂರಿನ ಕಡೆ ಅದಿರಿನ ಧೂಳು ಕುಡಿಯುತ್ತಾ ಎರಡು ಲಕ್ಷ ಓಡಿದ ಗಾಡಿಗಿಂತ ಎಷ್ಟೋ ಮೇಲು. ಗಾಡಿ ಯಾವ ದಾರಿಯಲ್ಲಿ, ಎಷ್ಟು ತೂಕ ಹೊತ್ತು, ಎಂಥ ಕೈಯಲ್ಲಿ ದುಡಿದಿದೆ ಎಂಬುದರ ಮೇಲೆಯೇ ಮುಂದೆ ಅದು ಕುಡಿಯುವ ಡೀಸೆಲ್ಲೂ ದಾರಿಯಲ್ಲಿ ಕೈಕೊಡುವುದೂ ನಿಂತಿರುತ್ತದೆ. ಆ ಚರಿತ್ರೆ ಗಾಡಿಯ ಮೈಮೇಲೆ ಉಳಿದಿರುತ್ತದೆ, ಮೀಟರಿನಷ್ಟು ಸುಲಭವಾಗಿ ಅದನ್ನು ಅಳಿಸಲಾಗದು. ಅದನ್ನು ಓದುವ ಕ್ರಮ ಇದು.

ಮೊದಲು ಲೆಕ್ಕ

ತಿಂಗಳಿಗೆ 8,000 ಕಿಲೋಮೀಟರ್ ಓಡಿಸುತ್ತೀರಿ ಎಂದುಕೊಳ್ಳಿ. ಲೀಟರಿಗೆ 2.8 ಕೊಡುವ ಗಾಡಿಗೆ 2,857 ಲೀಟರ್ ಬೇಕು, 3.2 ಕೊಡುವ ಗಾಡಿಗೆ 2,500 ಸಾಕು. ವ್ಯತ್ಯಾಸ 357 ಲೀಟರ್. ಲೀಟರಿಗೆ 91 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 32,500 ರೂಪಾಯಿ. ಎರಡು ಲಕ್ಷ ಕಡಿಮೆಗೆ ಸಿಕ್ಕಿತೆಂದು ಮೈಲೇಜು ಇಲ್ಲದ ಗಾಡಿ ತಂದರೆ ಆ ಉಳಿತಾಯ ಆರು ತಿಂಗಳಲ್ಲಿ ಬಂಕಿಗೆ ಹೋಗುತ್ತದೆ, ಆಮೇಲಿನದೆಲ್ಲ ನಷ್ಟವೇ. ನಿಮ್ಮ ಓಟದ ಅಂಕಿ ಹಾಕಿ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಚೌಕಾಸಿಗೆ ಕೂತಾಗ ಬೇಕಾಗುತ್ತದೆ.

ನಿಮ್ಮ ದಾರಿಗೆ ತಕ್ಕ ಗಾಡಿ ಯಾವುದು

ಮಾಡೆಲ್ ಸಂಖ್ಯೆಯಲ್ಲೇ ಅರ್ಧ ವಿಷಯ ಇರುತ್ತದೆ. 5530 ಎಂದರೆ 55 ಟನ್, 300 ಅಶ್ವಶಕ್ತಿ. 4923 ಎಂದರೆ 49 ಟನ್, 230. ನಮ್ಮಲ್ಲಿ ಓಡುವ ಹೆಚ್ಚಿನ ಕಂಪನಿಗಳ ಭಾರೀ ಗಾಡಿಗಳಿಗೆ ಈ ಲೆಕ್ಕ ಹೊಂದುತ್ತದೆ, ಒಂದೆರಡು ಟನ್ ಆಚೀಚೆ ಇರಬಹುದು.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆ್ಯಕ್ಸಲ್ ಭಾರದ ಮಿತಿ ಏರಿಸಿತು. ಮುಂದಿನ ಆ್ಯಕ್ಸಲ್ 6ರಿಂದ 7 ಟನ್‌ಗೆ, ನಾಲ್ಕು ಟಯರಿನ ಒಂಟಿ ಆ್ಯಕ್ಸಲ್ 10.2ರಿಂದ 11.5ಕ್ಕೆ, ಜೋಡಿ ಆ್ಯಕ್ಸಲ್ 19ರಿಂದ 21ಕ್ಕೆ, ಟ್ರೇಲರಿನ ಮೂರು ಆ್ಯಕ್ಸಲ್ ಗುಂಪು 24ರಿಂದ 27ಕ್ಕೆ ಹೋಯಿತು. ಹಾಗಾಗಿ ಆರು ಚಕ್ರದ ಪುಲ್ಲರಿಗೆ (ಟ್ರೇಲರನ್ನು ಎಳೆಯುವ ಮುಂದಿನ ಗಾಡಿ) ಮೂರು ಆ್ಯಕ್ಸಲ್ ಟ್ರೇಲರ್ ಸೇರಿದರೆ ಹಿಂದೆ 40.2 ಟನ್ ಇದ್ದದ್ದು 45.5 ಆಯಿತು. ಹತ್ತು ಚಕ್ರದ ಪುಲ್ಲರಿಗೆ 49 ಇದ್ದದ್ದು 55 ಆಯಿತು. ಆದರೆ ಹಳೆಯ ಗಾಡಿ ಕೊಳ್ಳುವವರಿಗೆ ಲೆಕ್ಕಕ್ಕೆ ಬರುವುದು ಆರ್‌ಸಿಯಲ್ಲಿ ನಮೂದಾದ ತೂಕ ಮಾತ್ರ. 2017ರ ಗಾಡಿಯ ಆರ್‌ಸಿಯಲ್ಲಿ 40.2 ಇದ್ದರೆ ಅದು 40.2ರ ಗಾಡಿಯೇ. ‘ಈಗ ಎಲ್ಲರೂ 45 ಹಾಕುತ್ತಾರೆ’ ಎಂಬ ಮಾತು ತೂಕದ ಸೇತುವೆಯಲ್ಲಿ ನಡೆಯುವುದಿಲ್ಲ.

ಇನ್ನು ಎಂಜಿನ್ನಿನ ತಲೆಮಾರು, ಅಂದರೆ ಹೊಗೆಯ ಮಿತಿ ಹೇಳುವ ಭಾರತ್ ಸ್ಟೇಜ್ (ಬಿಎಸ್) ಮಟ್ಟ. ದೇಶದಾದ್ಯಂತ ಬಿಎಸ್4 ಬಂದದ್ದು 2017ರ ಏಪ್ರಿಲ್ 1ರಿಂದ, ಬಿಎಸ್6 ಬಂದದ್ದು 2020ರ ಏಪ್ರಿಲ್ 1ರಿಂದ. ಬಿಎಸ್4ರಲ್ಲಿ ಎರಡು ದಾರಿ ಇದ್ದವು. ಅಶೋಕ್ ಲೇಲ್ಯಾಂಡ್ ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ಹಿಡಿಯಿತು. ಭಾರತ್ ಬೆಂಜ್ ಹೊಗೆಗೆ ಯೂರಿಯಾ ದ್ರಾವಣ ಸಿಂಪಡಿಸುವ ಎಸ್‌ಸಿಆರ್ ಹಿಡಿಯಿತು. ಟಾಟಾದಲ್ಲಿ ಎರಡೂ ಬಗೆಯವು ಬಂದವು. ಇಜಿಆರ್ ಗಾಡಿಗೆ ಯೂರಿಯಾ ಖರ್ಚಿಲ್ಲ, ಆದರೆ ವಾಲ್ವಿನಲ್ಲಿ ಮಸಿ ಕಟ್ಟುತ್ತದೆ, ಕೂಲರ್ ಒಳಗೇ ಸೋರಿದರೆ ಹೊರಗೆ ಒಂದು ಹನಿ ಕಾಣದೆ ರೇಡಿಯೇಟರ್ ನೀರು ಖಾಲಿಯಾಗುತ್ತಾ ಬರುತ್ತದೆ. ಬಿಎಸ್6ರಲ್ಲಿ ಯೂರಿಯಾದ ಜೊತೆಗೆ ಮಸಿ ಹಿಡಿದಿಡುವ ಡಿಪಿಎಫ್ ಕೂಡ ಇದೆ. ಮೈಲೇಜು ಚೆನ್ನಾಗಿರುತ್ತದೆ, ಆದರೆ ಸೆನ್ಸರುಗಳನ್ನು ಕಡೆಗಣಿಸಿದ ಮಾಲೀಕನಿಂದ ಕೊಂಡರೆ ಗೋಳು ನಿಮ್ಮದಾಗುತ್ತದೆ.

ದಕ್ಷಿಣದ ರಾಜ್ಯಗಳೊಳಗೇ ಓಡಿಸುವ ಒಂದೆರಡು ಗಾಡಿಯ ಮಾಲೀಕರಿಗೆ 2018–19ರ ಬಿಎಸ್4 ಗಾಡಿ ಈಗಲೂ ಒಳ್ಳೆಯ ಆಯ್ಕೆ. ಊರೂರಿನ ಮೆಕ್ಯಾನಿಕ್‌ಗಳ ಕೈ ಅದಕ್ಕೆ ಪಳಗಿದೆ. ದೆಹಲಿ ಕಡೆಗೆ ಲೋಡು ಹಿಡಿಯುವವರು ಮಾತ್ರ ಬಿಎಸ್6ನ್ನೇ ನೋಡಬೇಕು. ಹೊರಗೆ ನೋಂದಣಿಯಾದ ಬಿಎಸ್3 ಮತ್ತು ಅದಕ್ಕೂ ಹಳೆಯ ಸರಕು ಗಾಡಿಗಳಿಗೆ 2025ರ ನವೆಂಬರ್ 1ರಿಂದ ಅಲ್ಲಿ ಪ್ರವೇಶವಿಲ್ಲ, ಬಿಎಸ್4ಕ್ಕೆ ಕೊಟ್ಟ ಗಡುವು 2026ರ ಅಕ್ಟೋಬರ್ 31.

ಕ್ರೌನ್ ರೇಷಿಯೋ: ಯಾರೂ ಕೇಳದ ಪ್ರಶ್ನೆ

ಒಂದೇ ಕಂಪನಿ, ಒಂದೇ ಎಂಜಿನ್, ಒಂದೇ ವರ್ಷದ ಎರಡು ಗಾಡಿಗಳ ಮೈಲೇಜಿನಲ್ಲಿ ಅಂತರ ಏಕೆ ಎಂದು ತಲೆ ಕೆರೆದುಕೊಳ್ಳುವವರು ಹಿಂದಿನ ಆ್ಯಕ್ಸಲಿನ ಹೌಸಿಂಗ್ ಕಡೆ ನೋಡಿರುವುದಿಲ್ಲ. ಅದರೊಳಗೆ ಚಕ್ರಗಳನ್ನು ತಿರುಗಿಸುವ ದೊಡ್ಡ ಗೇರು ಕ್ರೌನ್, ಕ್ರೌನನ್ನು ತಿರುಗಿಸುವ ಚಿಕ್ಕ ಗೇರು ಪಿನಿಯನ್. ಕ್ರೌನಿಗೆ 41 ಹಲ್ಲು, ಪಿನಿಯನ್‌ಗೆ 7 ಹಲ್ಲು ಇದ್ದರೆ ರೇಷಿಯೋ 5.86. 39ಕ್ಕೆ 8 ಇದ್ದರೆ 4.88. ಹೌಸಿಂಗ್ ಮೇಲಿನ ತಗಡಿನ ಪಟ್ಟಿಯಲ್ಲಿ ಇದು ಕೊರೆದಿರುತ್ತದೆ. ಪಟ್ಟಿ ಅಳಿಸಿದ್ದರೆ ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಆಮೇಲೆ ಯಾರಾದರೂ ಬೇರೆ ಕ್ರೌನ್ ಕೂರಿಸಿದ್ದಾರೆಯೇ ಎಂದೂ ವಿಚಾರಿಸಿ.

ಲೆಕ್ಕ ಹೀಗೆ. 295/90 ಆರ್ 20 ಟಯರ್ ಒಂದು ಸುತ್ತಿಗೆ ಸುಮಾರು 3.2 ಮೀಟರ್ ಉರುಳುತ್ತದೆ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1,000 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ ಹತ್ತಿರ ಹತ್ತಿರ 312 ಸುತ್ತು. ಟಾಪ್ ಗೇರ್ ಡೈರೆಕ್ಟ್ ಆಗಿದ್ದರೆ (ಗೇರ್ ಬಾಕ್ಸಿನಲ್ಲಿ ಸುತ್ತು ಹೆಚ್ಚುಕಡಿಮೆ ಆಗದಿದ್ದರೆ) 5.86 ರೇಷಿಯೋದಲ್ಲಿ ಎಂಜಿನ್ 1,830 ಸುತ್ತು ತಿರುಗಬೇಕು, 4.88ರಲ್ಲಿ 1,520 ಸಾಕು. ಎಂಜಿನ್ನಿಗಿಂತ ಶಾಫ್ಟನ್ನು ಜೋರಾಗಿ ತಿರುಗಿಸುವ ಓವರ್‌ಡ್ರೈವ್ ಗೇರ್ ಇದ್ದರೆ 5.86ರ ಗಾಡಿಯೂ ಹೆದ್ದಾರಿಯಲ್ಲಿ ಉಸಿರಾಡಿಕೊಂಡು ಹೋಗುತ್ತದೆ. ಆರ್‌ಪಿಎಂ ಮೀಟರಿನಲ್ಲಿ ಹಸಿರು ಪಟ್ಟಿ ಇರುತ್ತದಲ್ಲ, ಟಾಪ್ ಗೇರಿನಲ್ಲಿ ನೀವು ದಿನವೂ ಓಡಿಸುವ ವೇಗಕ್ಕೆ ಮುಳ್ಳು ಆ ಪಟ್ಟಿಯ ಒಳಗೇ ನಿಲ್ಲಬೇಕು. ನಿಲ್ಲದಿದ್ದರೆ ಎಂಥ ಒಳ್ಳೆಯ ಎಂಜಿನ್ ಆದರೂ ಆ ದಾರಿಯಲ್ಲಿ ಮೈಲೇಜು ಕೊಡದು.

ಹಾಗೆಂದು ಚಿಕ್ಕ ರೇಷಿಯೋ ಎಲ್ಲರಿಗೂ ಅಲ್ಲ. ಬೆಂಗಳೂರು–ಹುಬ್ಬಳ್ಳಿ–ಪುಣೆ ಸಾಲಿನಲ್ಲಿ ಓಡುವವರಿಗೆ 4.88 ಹೇಳಿ ಮಾಡಿಸಿದಂತೆ. ಮಂಗಳೂರು ಬಂದರಿನಿಂದ ಲೋಡು ತುಂಬಿ ವಾರಕ್ಕೆ ಮೂರು ಸಲ ಶಿರಾಡಿ ಘಾಟಿ ಹತ್ತುವವರು ಅದೇ ಗಾಡಿ ತಂದರೆ ಕೆಳ ಗೇರಿನಲ್ಲೇ ತೆವಳಿ ಕ್ಲಚ್ ಸುಡುತ್ತಾರೆ. ಅರಬೈಲು ಘಾಟಿಯಲ್ಲಿ ಏರುವವರಿಗೂ ಇದೇ ಮಾತು. ಅಶ್ವಶಕ್ತಿಯಲ್ಲೂ ಕಂಜೂಸಿ ಬೇಡ. 55 ಟನ್ನಿಗೆ 280–300 ಇರುವ ಎಂಜಿನ್ ಅರ್ಧ ಆಕ್ಸಿಲರೇಟರಿನಲ್ಲಿ ಹೋಗುವ ಕಡೆ 230ರದ್ದು ಕೊನೆಯವರೆಗೂ ಒತ್ತಿಸಿಕೊಂಡು ಹೋಗುತ್ತದೆ. ಚಿಕ್ಕ ಎಂಜಿನ್ ಕಡಿಮೆ ಕುಡಿಯುತ್ತದೆ ಎಂಬ ನಂಬಿಕೆ ಪೂರ್ತಿ ಲೋಡಿನಲ್ಲಿ ನಿಲ್ಲುವುದಿಲ್ಲ.

ಗಾಡಿ ನೋಡುವ ಮುನ್ನ ಕೇಳಬೇಕಾದ ಕಾಗದ

ಫಾಸ್ಟ್‌ಟ್ಯಾಗ್ ಸ್ಟೇಟ್‌ಮೆಂಟ್. ಕಳೆದ ಆರು ತಿಂಗಳದ್ದು ಕೊಡಿ ಎನ್ನಿ. ಗಾಡಿ ಯಾವ ಟೋಲ್ ದಾಟಿದೆ, ತಿಂಗಳಿಗೆ ಎಷ್ಟು ಟ್ರಿಪ್, ಎಷ್ಟು ದಿನ ಸುಮ್ಮನೆ ನಿಂತಿದೆ, ಎಲ್ಲವೂ ದಿನಾಂಕ ಸಮೇತ ಅದರಲ್ಲಿ ಇರುತ್ತದೆ. ‘ಹೈವೇ ಗಾಡಿ ಸಾರ್’ ಎಂದವರ ಸ್ಟೇಟ್‌ಮೆಂಟಿನಲ್ಲಿ ತಿಂಗಳಿಗೆ ನಾಲ್ಕೇ ಟೋಲ್ ಕಂಡರೆ ಗಾಡಿ ಗಣಿಯಲ್ಲೋ ಯಾರ್ಡಿನಲ್ಲೋ ದುಡಿದಿದೆ, ಇಲ್ಲವೇ ಕೆಟ್ಟು ನಿಂತಿದೆ. ಚಾಸಿ ನಂಬರ್ ಮೇಲೆ ಸರ್ವಿಸ್ ಸೆಂಟರಿನ ದಾಖಲೆಯೂ ಸಿಗುತ್ತದೆ. ಅದರಲ್ಲಿ ಆಯಿಲ್ ಬದಲಿಸಿದ ಕಿಲೋಮೀಟರುಗಳನ್ನು ಸಾಲಾಗಿ ಬರೆದು ನೋಡಿ. ಒಂದು ಕಡೆ ಅಂತರ ಇದ್ದಕ್ಕಿದ್ದಂತೆ ಎರಡರಷ್ಟಾಗಿದ್ದರೆ ಅಥವಾ ಕಿಲೋಮೀಟರ್ ಹಿಂದಕ್ಕೆ ಹೋಗಿದ್ದರೆ ಕಾರಣ ಕೇಳಿ.

ಜೊತೆಗೆ ಒಯ್ಯಬೇಕಾದವು: ಒಳ್ಳೆಯ ಟಾರ್ಚ್, ಬಿಳಿ ಬಟ್ಟೆಯ ತುಂಡು, 15 ಮೀಟರಿನ ಸ್ಟೀಲ್ ಟೇಪು, ದಪ್ಪ ಅಳೆಯುವ ವರ್ನಿಯರ್, ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್, ಆ ಕಂಪನಿಯ ಗಾಡಿಗೆ ಹೊಂದುವ ಸ್ಕ್ಯಾನರ್ ಇರುವ ಮೆಕ್ಯಾನಿಕ್. ಸ್ಕ್ಯಾನರ್ ಇಲ್ಲದೆ ಬಿಎಸ್4, ಬಿಎಸ್6 ಗಾಡಿ ಕೊಳ್ಳುವುದು ಕಣ್ಣು ಕಟ್ಟಿಕೊಂಡು ಕೊಂಡ ಹಾಗೆ.

ಹಂತ 1: ತಣ್ಣಗಿನ ಎಂಜಿನ್

ಬೆಳಿಗ್ಗೆ ಹೋಗಿ. ‘ನಾವು ಬರುವವರೆಗೂ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿರಿ. ಹೋದ ಕೂಡಲೇ ಎಂಜಿನ್ನಿನ ಮೈಮೇಲೆ ಕೈ ಇಡಿ. ಬಿಸಿ ಇದ್ದರೆ ನಿಮ್ಮಿಂದ ಮುಚ್ಚಿಡುವಂಥದ್ದೇನೋ ಇದೆ. ಮಾತು ಮುಂದುವರಿಸದೆ ಇನ್ನೊಂದು ದಿನ ಬರುತ್ತೇವೆ ಎನ್ನಿ.

ಡಿಪ್‌ಸ್ಟಿಕ್ ಎಳೆದು ಮೂರು ವಿಷಯ ನೋಡಿ. ಆಯಿಲ್ ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಟ್ಟ ಮೇಲಿನ ಗೆರೆ ದಾಟಿ ಡೀಸೆಲ್ ವಾಸನೆ ಬಂದರೆ ಇಂಜೆಕ್ಟರೋ ಪಂಪೋ ಒಳಗೆ ಸೋರುತ್ತಿದೆ. ಬಿಎಸ್6 ಆದರೆ ಡಿಪಿಎಫ್ ಮಸಿ ಸುಡಲು ಪದೇಪದೇ ಹೆಚ್ಚುವರಿ ಡೀಸೆಲ್ ಹೊಡೆದು ಅದು ಎಂಜಿನ್ನಿನ ತಳದ ಆಯಿಲ್ ಸಂಪ್‌ಗೆ ಇಳಿದಿರಲೂಬಹುದು. ಹೊಚ್ಚಹೊಸ ಹೊಂಬಣ್ಣದ ಆಯಿಲ್ ಇದ್ದರೆ ಮೆಚ್ಚಿಕೊಳ್ಳಬೇಡಿ. ಹಳೆಯ ಆಯಿಲ್ ಏನು ಹೇಳುತ್ತಿತ್ತೋ ಅದು ನಿಮಗೆ ಸಿಗದಂತಾಯಿತು, ಅಷ್ಟೇ.

ಈಗ ಸ್ಟಾರ್ಟ್ ಮಾಡಿಸಿ, ಒಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಲಿ. ತಣ್ಣಗಿದ್ದಾಗ ಒಂದೆರಡು ನಿಮಿಷ ಬಿಳಿ ಹೊಗೆ ಬಂದು ಹೋಗುವುದು ಸಹಜ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಹೊಡೆದರೆ ಕೂಲೆಂಟ್ ಉರಿಯುತ್ತಿದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗು, ವಾಲ್ವ್ ಸೀಲು ಅಥವಾ ಟರ್ಬೊ. ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚು ಬೀಳುತ್ತಿದೆ. ಕಪ್ಪು ಹೊಗೆ ಎಂದರೆ ಉರಿಯದೆ ಹೊರಗೆ ಹೋದ ನಿಮ್ಮ ದುಡ್ಡು.

ಎಂಜಿನ್ ಕಾದ ಮೇಲೆ ಐಡಲಿನಲ್ಲಿ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದನ್ನೇ ತಲೆಕೆಳಗಾಗಿ ಬಾಯಿ ಮೇಲೆ ಸುಮ್ಮನೆ ಇಡಿ. ಸಣ್ಣಗೆ ಅದುರಿದರೆ ಚಿಂತೆಯಿಲ್ಲ. ಎಗರಿ ಬಿದ್ದರೆ, ಒಳಗಿಂದ ಹಬೆಯಂತೆ ಬುಸುಬುಸು ಹೊಗೆ ಬಂದರೆ ರಿಂಗು–ಲೈನರ್ ಸವೆದಿವೆ, ಎಂಜಿನ್ ಬಿಚ್ಚುವ ಕಾಲ ಹತ್ತಿರವಿದೆ. ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬೇಡಿ, ಮುಖ ಸುಟ್ಟುಕೊಂಡವರಿದ್ದಾರೆ.

ಹಂತ 2: ಬಿಳಿ ಬಟ್ಟೆಯ ಪರೀಕ್ಷೆ

ಎಂಜಿನ್ ನಿಲ್ಲಿಸಿ ಏರ್ ಫಿಲ್ಟರಿನಿಂದ ಟರ್ಬೊ ಕಡೆ ಹೋಗುವ ದಪ್ಪ ರಬ್ಬರ್ ಪೈಪ್ ಬಿಚ್ಚಿಸಿ. ಬೇಡವೆಂದು ಮಾಲೀಕ ಹೇಳಿದರೂ ಇದನ್ನು ಬಿಡಬೇಡಿ, ಹತ್ತು ನಿಮಿಷದ ಕೆಲಸ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಪೈಪಿನ ಒಳಗೋಡೆ ಒರೆಸಿ ಹೊರತೆಗೆಯಿರಿ. ಫಿಲ್ಟರ್ ದಾಟಿದ ಮೇಲಿನ ಜಾಗ ಇದು. ಇಲ್ಲಿ ಬಟ್ಟೆ ಬಿಳಿಯಾಗೇ ಬರಬೇಕು, ಹೆಚ್ಚೆಂದರೆ ಆಯಿಲ್‌ನ ತೆಳು ಪಸೆ ಇರಬಹುದು. ಕೆಂಪು ಅಥವಾ ಬೂದು ಧೂಳು ಹತ್ತಿದರೆ ಫಿಲ್ಟರ್ ಹರಿದಿತ್ತು, ಕ್ಲಿಪ್ ಸಡಿಲವಿತ್ತು, ಇಲ್ಲವೇ ಅಗ್ಗದ ಫಿಲ್ಟರ್ ಕೂರಿಸಿ ಓಡಿಸಿದ್ದಾರೆ. ಅದಿರಿನ ಧೂಳು ಉಪ್ಪುಕಾಗದದಂತೆ. ಲೈನರ್ ತಿಂದು, ಆಯಿಲಿಗೆ ಇಳಿದು, ಬೇರಿಂಗನ್ನೂ ಸವೆಸುತ್ತದೆ. ಈ ಒಂದು ಗುರುತು ಸಿಕ್ಕ ಗಾಡಿಯನ್ನು ಎಂಜಿನ್ ಕೆಲಸದ ಪೂರ್ತಿ ಖರ್ಚು ಕಳೆದು ಕೊಟ್ಟರೂ ನಾವು ಕೊಳ್ಳಿ ಎನ್ನುವುದಿಲ್ಲ.

ಪೈಪ್ ಬಿಚ್ಚಿದ್ದಾಗಲೇ ಟರ್ಬೊದ ಫ್ಯಾನ್ ನೋಡಿ. ರೆಕ್ಕೆಗಳ ಅಂಚು ಚೂಪಾಗಿರಬೇಕು. ಬಾಯಿ ಸವೆದು ಮೊಂಡಾಗಿದ್ದರೆ ಅದೂ ಧೂಳಿನದೇ ಕೆಲಸ. ಬೆರಳಿನಿಂದ ಶಾಫ್ಟನ್ನು ಪಕ್ಕಕ್ಕೆ ಅಲ್ಲಾಡಿಸಿದರೆ ಕೊಂಚ ಆಡುತ್ತದೆ, ಆಯಿಲ್ ಪದರದ ಮೇಲೆ ತೇಲುವ ಬೇರಿಂಗ್ ಆದ್ದರಿಂದ ಅಷ್ಟು ಇರಲೇಬೇಕು. ಆದರೆ ರೆಕ್ಕೆ ಗೋಡೆಗೆ ತಾಗಬಾರದು. ಹಿಂದೆ ಮುಂದೆ ಎಳೆದಾಗ ಆಟ ಕೈಗೆ ಗೊತ್ತಾಗುವಷ್ಟಿದ್ದರೆ ಟರ್ಬೊ ಖರ್ಚನ್ನು ಬೆಲೆಯಿಂದ ಕಳೆಯಿರಿ. ಇಂಟರ್‌ಕೂಲರ್ ಪೈಪಿನ ಕ್ಲ್ಯಾಂಪುಗಳ ಸುತ್ತ ಎಣ್ಣೆ ಮಿಶ್ರಿತ ಕಪ್ಪು ಕೊಳೆ ಕೂತಿದ್ದರೆ ಗಾಳಿ ಸೋರುತ್ತಿದೆ. ಎಳೆತ ಕಡಿಮೆ, ಮೈಲೇಜು ಕಡಿಮೆ, ಹೊಗೆ ಹೆಚ್ಚು. ಅದೃಷ್ಟಕ್ಕೆ ಇದು ಅಗ್ಗದಲ್ಲಿ ಸರಿಹೋಗುವ ದೋಷ.

ಹಂತ 3: ಸ್ಕ್ಯಾನರ್ ಹಾಕಿದಾಗ ನೋಡಬೇಕಾದದ್ದು

ಫಾಲ್ಟ್ ಕೋಡ್ ಇಲ್ಲ ಎಂದು ಮೆಕ್ಯಾನಿಕ್ ಹೇಳಿದರೆ ಅಲ್ಲಿಗೇ ಬಿಡಬೇಡಿ, ನಿನ್ನೆಯೇ ಅಳಿಸಿರಬಹುದು. ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುನಲ್ಲಿ ಒಟ್ಟು ಕಿಲೋಮೀಟರ್, ಒಟ್ಟು ಗಂಟೆ, ಒಟ್ಟು ಸುಟ್ಟ ಡೀಸೆಲ್ ದಾಖಲಾಗಿರುತ್ತವೆ, ಹೆಚ್ಚಿನ ಗಾಡಿಗಳಲ್ಲಿ ಸ್ಕ್ಯಾನರ್ ಇದನ್ನು ತೋರಿಸುತ್ತದೆ. ಉದಾಹರಣೆಗೆ ಒಟ್ಟು 4,50,000 ಕಿಲೋಮೀಟರ್, 12,000 ಗಂಟೆ, 1,50,000 ಲೀಟರ್ ಎಂದು ಬಂದರೆ ಸರಾಸರಿ ವೇಗ ಗಂಟೆಗೆ 37.5, ಜೀವಮಾನದ ಮೈಲೇಜು 3.0. ಮಾಲೀಕ 3.8 ಕೊಡುತ್ತದೆ ಎನ್ನುತ್ತಿದ್ದರೆ ಈ ಅಂಕಿಯನ್ನು ಅವರ ಮುಂದೆ ಇಡಿ. ಸರಾಸರಿ ವೇಗ 25ಕ್ಕಿಂತ ಕೆಳಗಿದ್ದರೆ ಗಾಡಿ ಹೆಚ್ಚು ಕಾಲ ಐಡಲಿನಲ್ಲಿ ನಿಂತಿದೆ ಅಥವಾ ಗಣಿ, ಬಂದರಿನೊಳಗೆ ತಿರುಗಿದೆ. ಕಿಲೋಮೀಟರ್ ಕಡಿಮೆ, ಸವೆತ ಹೆಚ್ಚು. ಡ್ಯಾಶ್‌ಬೋರ್ಡ್ ಮೀಟರಿಗೂ ಇಸಿಯು ಅಂಕಿಗೂ ತಾಳೆಯಾಗದಿದ್ದರೆ ಮೀಟರ್ ಬದಲಾಗಿದೆ.

ಇಂಜೆಕ್ಟರುಗಳಿಗೆ ರಿಟರ್ನ್ ಸೋರಿಕೆ ಪರೀಕ್ಷೆ ಮಾಡಿಸಿ. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಬಾಟಲಿ ಕಟ್ಟಿ ಎರಡು ನಿಮಿಷ ಓಡಿಸಿದರೆ ಆರರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ ತುಂಬಬೇಕು. ಒಂದರಲ್ಲಿ ಮಾತ್ರ ಎರಡರಷ್ಟು ತುಂಬಿದರೆ ಅದರ ದಿನ ಮುಗಿಯುತ್ತಾ ಬಂದಿದೆ. ಬೆಳಿಗ್ಗೆ ಬೇಗ ಸ್ಟಾರ್ಟ್ ಆಗದೆ ಸತಾಯಿಸುವ ಗಾಡಿಗಳಲ್ಲಿ ಬಹಳ ಸಲ ಸಿಗುವ ಕಾರಣವೂ ಇದೇ.

ಹಂತ 4: ಬಿಎಸ್6 ಆದರೆ ಸೈಲೆನ್ಸರಿಗೆ ಬೆರಳು ಹಾಕಿ

ತಣ್ಣಗಿರುವಾಗ ಹೊಗೆ ಕೊಳವೆಯ ಒಳಗೆ ಬೆರಳು ಸವರಿ. ಡಿಪಿಎಫ್ ಸರಿಯಿದ್ದರೆ ಬೆರಳಿಗೆ ಮಸಿ ಹತ್ತುವುದಿಲ್ಲ, ಆರು ವರ್ಷದ ಗಾಡಿಯಲ್ಲೂ ಲೋಹದ ಬಣ್ಣ ಕಾಣುತ್ತದೆ. ಬೆರಳು ಕಪ್ಪಾದರೆ ಡಿಪಿಎಫ್ ಒಡೆದಿದೆ ಅಥವಾ ಒಳಗಿನದನ್ನು ಕೆಡವಿ ಖಾಲಿ ಡಬ್ಬಿ ಕೂರಿಸಿದ್ದಾರೆ.

ಯೂರಿಯಾ ನಳಿಕೆಯ ಸುತ್ತ ಬಿಳಿ ಹರಳು ಗಡ್ಡೆ ಕಟ್ಟಿದ್ದರೆ ಸೋರುತ್ತಿದೆ. ಗಾಡಿಯ ಬಗೆ ನೋಡಿಕೊಂಡು 100 ಲೀಟರ್ ಡೀಸೆಲಿಗೆ ಸುಮಾರು 3ರಿಂದ 6 ಲೀಟರ್ ಯೂರಿಯಾ ದ್ರಾವಣ ಖರ್ಚಾಗಬೇಕು. ‘ಯೂರಿಯಾ ಕುಡಿಯೋದೇ ಇಲ್ಲ’ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಯೂರಿಯಾ ಇಲ್ಲದೆಯೂ ಗಾಡಿ ಓಡುವಂತೆ ಮಾಡುವ ಬೈಪಾಸ್ ಡಬ್ಬಿ ಸಿಕ್ಕಿಸಿದ್ದಾರೆ ಎಂದೇ ಅರ್ಥ. ಅದು ಕಾನೂನಿಗೆ ವಿರುದ್ಧ, ಎಫ್‌ಸಿಯಲ್ಲಿ (ಫಿಟ್‌ನೆಸ್ ತಪಾಸಣೆ) ಸಿಕ್ಕಿಬೀಳುತ್ತದೆ. ಮತ್ತೆ ಸರಿಮಾಡಿಸಲು ಪಂಪು, ಹೊಗೆ ಅಳೆಯುವ ನಾಕ್ಸ್ ಸೆನ್ಸರು, ಹೊಗೆ ಶುದ್ಧಿ ಮಾಡುವ ಕ್ಯಾಟಲಿಸ್ಟ್ ಎಲ್ಲಕ್ಕೂ ದುಡ್ಡು ಸುರಿಯಬೇಕು. ಇನ್ನು ಕೆಲವರು ಗೊಬ್ಬರದ ಯೂರಿಯಾವನ್ನು ನಲ್ಲಿ ನೀರಿಗೆ ಕಲಸಿ ತುಂಬುತ್ತಾರೆ. ಸರಿಯಾದ ದ್ರಾವಣ ಎಂದರೆ 32.5 ಶೇಕಡಾ ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ನಲ್ಲಿ ನೀರಿನ ಸುಣ್ಣ, ಉಪ್ಪು ಕ್ಯಾಟಲಿಸ್ಟಿನ ರಂಧ್ರ ಮುಚ್ಚಿ ಅದನ್ನು ಕೊಲ್ಲುತ್ತವೆ. ಟ್ಯಾಂಕಿನ ತಳದಲ್ಲಿ ಕೆಸರು ಕಂಡರೆ ಇದನ್ನೇ ಶಂಕಿಸಿ.

ಹಂತ 5: ಚಾಸಿ, ಕಮಾನು ಪಟ್ಟಿ, ಕ್ರೌನ್

ಓವರ್‌ಲೋಡ್ ಹೊತ್ತ ಗಾಡಿ ಕೆಳಗೆ ಮಲಗಿ ನೋಡಿದವರಿಗೆ ಸುಳ್ಳು ಹೇಳಲಾರದು. ಚಾಸಿಯ ಒಳಗೆ ಹೆಚ್ಚುವರಿ ಪಟ್ಟಿ ಬೆಸೆದಿದ್ದರೆ, ಟ್ರೇಲರಿನ ಮುಂಭಾಗ ಹೊರುವ ತಟ್ಟೆಯಾದ ಫಿಫ್ತ್ ವೀಲ್ ಕೂತ ಜಾಗದ ಬೋಲ್ಟ್ ತೂತುಗಳ ಸುತ್ತ ಬಣ್ಣ ಬಿರಿದು ತುಕ್ಕಿನ ಗೆರೆ ಇಳಿದಿದ್ದರೆ, ಹಿಂದಿನ ಕಮಾನಿನಲ್ಲಿ (ಲೀಫ್ ಸ್ಪ್ರಿಂಗ್) ಕಂಪನಿ ಲೆಕ್ಕಕ್ಕಿಂತ ಒಂದೆರಡು ಪಟ್ಟಿ ಹೆಚ್ಚಿದ್ದರೆ ಆರ್‌ಸಿ ತೂಕ ಅದಕ್ಕೆ ಎಂದೂ ಸಾಕಾಗಿರಲಿಲ್ಲ. ಹೊಸ ಬಣ್ಣ ಬಳಿದ ಚಾಸಿಯಲ್ಲಿ ವೆಲ್ಡಿಂಗ್ ಗುರುತನ್ನು ಟಾರ್ಚ್ ಓರೆಯಾಗಿ ಹಿಡಿದು ಹುಡುಕಿ.

ಗೇರ್ ಬಾಕ್ಸ್ ಮತ್ತು ಹೌಸಿಂಗ್‌ನ ಡ್ರೈನ್ ಪ್ಲಗ್‌ಗಳಲ್ಲಿ ಆಯಸ್ಕಾಂತ ಇರುತ್ತದೆ. ಬಿಚ್ಚಿಸಿ, ಅಂಟಿದ್ದನ್ನು ಎರಡು ಬೆರಳ ನಡುವೆ ತಿಕ್ಕಿ. ನುಣ್ಣನೆಯ ಬೂದು ಲೇಪ ಸಹಜ ಸವೆತ. ಚುಚ್ಚುವ ಹೊಳಪಿನ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಮುರಿಯುತ್ತಿದೆ. ಕ್ಲಚ್ ನೋಡಲು ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಮುಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಡಿ. ಎಂಜಿನ್ ಕಟ್ಟಿಕೊಂಡು ಆಫ್ ಆಗಬೇಕು. ಆಗದೆ ತಿರುಗುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಒಂದೇ ಸಲ ಮಾಡಿ, ಪದೇಪದೇ ಬೇಡ.

ಬ್ರೇಕಿನ ಗಾಳಿ ಟ್ಯಾಂಕ್ ತುಂಬಿಸಿ ಎಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು ಗಾಳಿ ಮೀಟರಿನ ಮುಳ್ಳು ನೋಡಿ. ಕಣ್ಣೆದುರೇ ಇಳಿಯುತ್ತಿದ್ದರೆ ಸೋರಿಕೆ ಇದೆ. ಅದು ಸುರಕ್ಷತೆಯ ಮಾತಷ್ಟೇ ಅಲ್ಲ, ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಡೀಸೆಲ್ ತಿನ್ನುತ್ತದೆ. ಟ್ಯಾಂಕಿನ ಕೆಳಗಿನ ಡ್ರೈನ್ ಎಳೆದಾಗ ಎಣ್ಣೆ ಬಂದರೆ ಕಂಪ್ರೆಸರ್ ರಿಂಗ್ ಹೋಗಿದೆ.

ಹಂತ 6: ಟ್ರೇಲರನ್ನು ಅಳೆದು ನೋಡಿ

ಮೈಲೇಜಿನ ಮಾತು ಬಂದರೆ ಎಲ್ಲರೂ ಎಂಜಿನ್ ಎನ್ನುತ್ತಾರೆ. ಹನ್ನೆರಡು ಟಯರಿನ ಟ್ರೇಲರ್ ಅಡ್ಡಡ್ಡ ಎಳೆಯುತ್ತಿದ್ದರೆ ಎಂಜಿನ್ ಏನು ಮಾಡೀತು? ಟ್ರೇಲರನ್ನು ಸಮತಟ್ಟು ಜಾಗದಲ್ಲಿ ನೇರ ನಿಲ್ಲಿಸಿ. ಪುಲ್ಲರಿಗೆ ಸಿಕ್ಕಿಕೊಳ್ಳುವ ಕಿಂಗ್ ಪಿನ್ನಿನಿಂದ ಮೊದಲ ಆ್ಯಕ್ಸಲಿನ ಎಡ ಹಬ್ಬಿನ ನಡುವಿಗೆ ಟೇಪು ಎಳೆಯಿರಿ, ಆಮೇಲೆ ಬಲ ಹಬ್ಬಿಗೆ. ಎರಡರ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಅಂತರ ಇರಬಾರದು. ಆಮೇಲೆ ಒಂದು ಆ್ಯಕ್ಸಲಿನಿಂದ ಮುಂದಿನ ಆ್ಯಕ್ಸಲಿಗೆ ಎರಡೂ ಬದಿ ಅಳೆಯಿರಿ, ಅಲ್ಲಿ 1.5 ಮಿಲಿಮೀಟರಿನೊಳಗೆ ಇರಬೇಕು. ಟೇಪನ್ನು ಎರಡೂ ಸಲ ಒಬ್ಬರೇ, ಒಂದೇ ಬಿಗಿಯಲ್ಲಿ ಎಳೆಯಲಿ. ಅಂತರ ಹೆಚ್ಚಿದ್ದರೆ ಟಯರಿನ ಮೇಲೆ ಕೈಯಾಡಿಸಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚುತ್ತದೆ.

ಪುಲ್ಲರನ್ನು ಬಿಡಿಸಿ ಕಿಂಗ್ ಪಿನ್ನಿಗೆ ವರ್ನಿಯರ್ ಹಿಡಿಯಿರಿ. ಎರಡು ಇಂಚಿನ ಪಿನ್ನು ಹೊಸದಿದ್ದಾಗ 50.8 ಮಿಲಿಮೀಟರ್, 49ಕ್ಕೆ ಇಳಿದಿದ್ದರೆ ಬದಲಿಸದೆ ಓಡಿಸಬಾರದು. ಅದಕ್ಕೆ ವೆಲ್ಡಿಂಗ್ ತುಂಬಿ ಕಡೆದಿದ್ದಾರೆಯೇ ಎಂದೂ ನೋಡಿ. ಹಾಗೆ ಮಾಡಿದ ಪಿನ್ನು ದಾರಿಯಲ್ಲಿ ಮುರಿದರೆ ಟ್ರೇಲರ್ ಹಿಂದೆಯೇ ಉಳಿಯುತ್ತದೆ, ಹಿಂದೆ ಬರುವವರ ಪ್ರಾಣದ ಪ್ರಶ್ನೆ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3521 ಎಂದರೆ 2021ರ 35ನೇ ವಾರದಲ್ಲಿ ತಯಾರಾದದ್ದು. ನೈಲಾನ್ ಟಯರಿಗಿಂತ ರೇಡಿಯಲ್ ಹಗುರಾಗಿ ಉರುಳುತ್ತದೆ, ಡೀಸೆಲ್ ಉಳಿಯುತ್ತದೆ. 18 ಚಕ್ರದಲ್ಲಿ ಎಂಟು ರೇಡಿಯಲ್, ಹತ್ತು ನೈಲಾನ್, ಅದರಲ್ಲಿ ಆರು ರೀಟ್ರೆಡ್ (ಸವೆದ ಮೇಲೆ ಹೊಸ ಪಟ್ಟಿ ಅಂಟಿಸಿದ್ದು) ಎಂದಿದ್ದರೆ ಆ ಪಟ್ಟಿಯನ್ನೇ ಬರೆದುಕೊಂಡು ಬೆಲೆ ಮಾತಾಡಿ.

ಹಂತ 7: ಲೋಡ್ ಹಾಕಿ ಓಡಿಸಿ

ಖಾಲಿ ಗಾಡಿಯ ಟ್ರಯಲ್ ಏನನ್ನೂ ಹೇಳುವುದಿಲ್ಲ. ಮಾಲೀಕರ ಮುಂದಿನ ಟ್ರಿಪ್ ಯಾವಾಗ ಎಂದು ಕೇಳಿ, ಡೀಸೆಲ್ ಖರ್ಚು ನೀವೇ ಕೊಟ್ಟಾದರೂ ಜೊತೆಗೆ ಹೋಗಿ. ಕನಿಷ್ಠ 200 ಕಿಲೋಮೀಟರ್ ಬೇಕು. 30 ಕಿಲೋಮೀಟರಿಗೆ ಹತ್ತು ಲೀಟರ್ ಖರ್ಚಾದರೆ, ತುಂಬುವಾಗ ಒಂದು ಲೀಟರ್ ಹೆಚ್ಚುಕಡಿಮೆಯಾದರೂ ಲೆಕ್ಕ ಶೇಕಡಾ 10 ತಪ್ಪುತ್ತದೆ. 200 ಕಿಲೋಮೀಟರಿಗೆ 65–70 ಲೀಟರ್ ಹೋಗುವಾಗ ಎರಡು ಲೀಟರ್ ತಪ್ಪಿದರೂ ಶೇಕಡಾ 3 ಮಾತ್ರ. ಟ್ಯಾಂಕನ್ನು ಬಾಯಿವರೆಗೆ ತುಂಬಿಸಿ, ನೊರೆ ಇಳಿಯಲು ಬಿಟ್ಟು ಮತ್ತೆ ತುಂಬಿಸಿ. ವಾಪಸ್ ಬಂದು ಅದೇ ಬಂಕು, ಅದೇ ಪಂಪು, ಅದೇ ಜಾಗ. ದೂರವನ್ನು ಫೋನಿನ ಜಿಪಿಎಸ್‌ನಲ್ಲಿ ತಾಳೆ ನೋಡಿ, ಟಯರ್ ಅಳತೆ ಬದಲಾದ ಗಾಡಿಯ ಮೀಟರ್ ತಪ್ಪು ತೋರಿಸುತ್ತದೆ.

ಇಪ್ಪತ್ತು ಕಿಲೋಮೀಟರ್ ಹೋದ ಮೇಲೆ ಬದಿಗೆ ನಿಲ್ಲಿಸಿ ಪ್ರತಿ ಹಬ್ಬಿಗೂ ಥರ್ಮಾಮೀಟರ್ ಹಿಡಿಯಿರಿ. ಎಲ್ಲ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಎದ್ದು ಕಾಣುವಷ್ಟು ಬಿಸಿಯಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗುತ್ತಿದೆ. ಒಂದು ಚಕ್ರ ಮಾತ್ರ ತಣ್ಣಗಿದ್ದರೆ ಅಲ್ಲಿ ಬ್ರೇಕೇ ಕೆಲಸ ಮಾಡುತ್ತಿಲ್ಲ. ಏರಿನಲ್ಲಿ ಎಂಜಿನ್ ಬಿಸಿಯ ಮುಳ್ಳು ಏರಿ, ಇಳಿಜಾರಿನಲ್ಲಿ ಬೇಗ ಇಳಿಯಬೇಕು. ರೇಡಿಯೇಟರ್ ಫ್ಯಾನ್ ಸದಾ ಭೋರ್ಗರೆಯುತ್ತಿದ್ದರೆ ಫ್ಯಾನ್ ಕ್ಲಚ್ ಅಂಟಿಕೊಂಡಿದೆ, ಅದೂ ಡೀಸೆಲ್ ಕಳ್ಳನೇ. ಲೈಟ್, ಹೆವಿ ಎಂದು ಬದಲಿಸುವ ಇಂಧನ ಸ್ವಿಚ್ ಇರುವ ಗಾಡಿಯಾದರೆ ಯಾವ ಮೋಡಿನಲ್ಲಿ ಓಡಿಸುತ್ತಿದ್ದಾರೆ ಎಂಬುದನ್ನೂ ಗಮನಿಸಿ.

ಬ್ಯಾಂಕ್, ಫೈನಾನ್ಸ್ ಯಾರ್ಡಿನಲ್ಲಿ ಹರಾಜಿಗಿಟ್ಟ ಗಾಡಿಗೆ ಈ ಟ್ರಯಲ್ ಸಿಗುವುದಿಲ್ಲ. ಹಂತ 2, 5, 6 ಮಾಡಬಹುದು. ಉಳಿದದ್ದಕ್ಕೆಲ್ಲ ದುಡ್ಡು ಇಟ್ಟುಕೊಂಡೇ ಬಿಡ್ ಮಾಡಿ.

ಕಾಗದ ಪತ್ರ

ಪುಲ್ಲರ್ ಮತ್ತು ಟ್ರೇಲರ್‌ಗೆ ಬೇರೆ ಬೇರೆ ಆರ್‌ಸಿ ಇರುತ್ತದೆ. ಎರಡನ್ನೂ ವರ್ಗಾಯಿಸಬೇಕು, ಎರಡಕ್ಕೂ ವಿಮೆ ಬೇಕು. ಟ್ರೇಲರ್ ಆರ್‌ಸಿ ಮರೆತು ಆಮೇಲೆ ಹಳೆಯ ಮಾಲೀಕರ ಹಿಂದೆ ಅಲೆಯುವವರು ಬಹಳ. ಪರಿವಾಹನ್ ತಾಣದಲ್ಲಿ ತೆರಿಗೆ, ಎಫ್‌ಸಿ, ಪರ್ಮಿಟ್, ಬಾಕಿ ಚಲನ್, ಸಾಲದ ನಮೂದು ನೋಡಿ. ಸಾಲ ತೀರಿದ್ದರೆ ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30, ಹೊರ ರಾಜ್ಯದ ಗಾಡಿಯಾದರೆ ಎನ್‌ಒಸಿಗೆ ಫಾರಂ 28. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ವರ್ಷಕ್ಕೊಮ್ಮೆ, ಅದಕ್ಕೂ ಮೊದಲು ಎರಡು ವರ್ಷಕ್ಕೊಮ್ಮೆ. ಚಾಸಿ ನಂಬರಿನ ಅಂಕಿಗಳನ್ನು ಬೆರಳಿನಿಂದ ಸವರಿ ನೋಡಿ, ಸುತ್ತ ಉಜ್ಜಿದ ಗುರುತಿದ್ದರೆ ಅಲ್ಲಿಂದ ಹೊರಟುಬಿಡಿ.

ತಂದ ಮೇಲೆ ಮೊದಲ ವಾರ

ಎಂಜಿನ್ ಆಯಿಲ್, ಆಯಿಲ್ ಮತ್ತು ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಏರ್ ಡ್ರೈಯರ್ ಡಬ್ಬಿ, ಗೇರ್ ಮತ್ತು ಕ್ರೌನ್ ಆಯಿಲ್, ಹಬ್ಬಿನ ಗ್ರೀಸ್ ಎಲ್ಲವನ್ನೂ ಒಂದೇ ಸಲ ಬದಲಿಸಿ. ಟಯರುಗಳಿಗೆ ತಣ್ಣಗಿದ್ದಾಗ ಕಂಪನಿ ಹೇಳಿದ ಗಾಳಿ ಹಿಡಿಸಿ. ಮೊದಲ ಐದು ಫುಲ್ ಟ್ಯಾಂಕಿನ ಲೀಟರ್, ಕಿಲೋಮೀಟರ್, ಲೋಡು, ದಾರಿ ಬರೆದಿಡಿ. ಟ್ರಯಲ್‌ಗಿಂತ ಮೈಲೇಜು ಕುಸಿದರೆ ಮೊದಲು ಟಯರ್ ಗಾಳಿ, ಆಮೇಲೆ ಹಬ್ಬಿನ ಬಿಸಿ, ಗಾಳಿ ಪೈಪು, ಫ್ಯಾನ್, ಕೊನೆಗೆ ಇಂಜೆಕ್ಟರ್ ನೋಡಿ. ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ.

ಬಿಚ್ಚಿದ ಹಳೆಯ ಆಯಿಲ್ ಫಿಲ್ಟರನ್ನು ಎಸೆಯಬೇಡಿ. ತಗಡು ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿನಲ್ಲಿ ಹಿಡಿದು ನೋಡಿ. ಕಪ್ಪು ಮಸಿ ಮಾತ್ರ ಇದ್ದರೆ ನೆಮ್ಮದಿ. ತಾಮ್ರದ ಬಣ್ಣದ ಅಥವಾ ಬೆಳ್ಳಿಯಂತೆ ಹೊಳೆಯುವ ಪುಡಿ ಮಡಿಕೆಯಲ್ಲಿ ಕೂತಿದ್ದರೆ ಬೇರಿಂಗ್ ಸವೆಯುತ್ತಿದೆ. ಮೊದಲ ಲೋಡ್ ಹಿಡಿಯುವ ಮುನ್ನವೇ ಸಂಪ್ ಇಳಿಸಿ ಬಿಗ್ ಎಂಡ್ ಬೇರಿಂಗ್ ನೋಡಿಸಿ. ಆಗ ಬೇರಿಂಗ್ ಸೆಟ್ಟಿನಲ್ಲಿ ಮುಗಿಯುವ ಕೆಲಸ, ಬಿಟ್ಟರೆ ಕ್ರ್ಯಾಂಕ್ ಶಾಫ್ಟಿನವರೆಗೂ ಹೋಗುತ್ತದೆ.